ಒಂದು ಸೆಕೆಂಡಿಗೂ ಸಾಲದ ಭಾನುವಾರ

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಪೆರ್ಲಕ್ಕೆ ಹೋಗುವ ಬಸ್ಸು ತಪ್ಪಬಾರದು ಅಂತ ಅಮ್ಮ ಯಾವತ್ತೋ ಹಾಗೆ ಇಟ್ಟದ್ದು. ಎಲ್ಲರಿಗೂ ಅದು ಗೊತ್ತಿರುವುದರಿಂದ ಮನಸ್ಸಲ್ಲೇ ಹತ್ತು ಕಳೆದು ನಿಧಾನಕ್ಕೆ ಹೊರಡುತ್ತೇವೆ, ಬಸ್ಸು ತಪ್ಪುವುದು ತಪ್ಪಿಲ್ಲ.

ಟೆಹ್‌ಚಿಂಗ್ ಶೇ ಅಂತ ಒಬ್ಬ ಕಲಾವಿದ, ತೈವಾನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದವ. 1980ರ ಏಪ್ರಿಲ್‌ನಿಂದ ಇಡೀ ಒಂದು ವರ್ಷ, ಹಗಲು ರಾತ್ರಿ ಅನ್ನದೆ ಗಂಟೆಗೊಮ್ಮೆ, ಫ್ಯಾಕ್ಟರಿಯಲ್ಲಿ ಕೆಲಸದವರು ಹಾಜರಿ ಹಾಕುತ್ತಾರಲ್ಲ, ಅಂಥ ಯಂತ್ರದಲ್ಲಿ ಕಾರ್ಡು ಒತ್ತಿದ. ಪ್ರತಿ ಸಲವೂ ಅದರ ಪಕ್ಕ ನಿಂತು ಫಿಲ್ಮಿನಲ್ಲಿ ಒಂದೇ ಒಂದು ಚಿತ್ರ. ಶುರುವಿನಲ್ಲಿ ತಲೆ ಬೋಳಿಸಿಕೊಂಡಿದ್ದ. ವರ್ಷಕ್ಕೆ 8,760 ಸಲ ಒತ್ತಬೇಕಿತ್ತು, 133 ತಪ್ಪಿತು. ಆ ತಪ್ಪಿಗೂ ಲೆಕ್ಕ ಇಟ್ಟಿದ್ದಾನೆ: ನಿದ್ದೆ ಹೋಗಿ 94, ತಡವಾಗಿ 29, ಬೇಗ ಒತ್ತಿ 10. ಬೇಗ ಒತ್ತಿದ್ದೂ ತಪ್ಪೇ! ನನಗೆ ಇದು ಭಾರೀ ಹಿಡಿಸಿತು. ಇನ್ನೊಂದು, ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ ಅಲ್ವಾ, ಹಾಗಾಗಿ ಅವನ ಒಂದು ದಿನ ಅಂದರೆ ಒಂದು ಸೆಕೆಂಡು, ಒಂದು ವರ್ಷ ಅಂದರೆ ಆರು ನಿಮಿಷ. ಆ ಆರು ನಿಮಿಷದಲ್ಲಿ ಬೋಳು ತಲೆಯಲ್ಲಿ ಕೂದಲು ಭುಜದವರೆಗೆ ಬೆಳೆದುಬಿಡುತ್ತದೆ.

ಡಿಸೆಂಬರಿನಲ್ಲಿ ಊರಿಗೆ ಹೋದಾಗ ಸುಮ್ನೆ ಒಂದು ದಿನ ನಾನೂ ಮಾಡಿ ನೋಡುವ ಅನ್ನಿಸಿತು. ತಲೆ ಬೋಳಿಸುವುದು ಬಿಟ್ಟೆ, ಅಪ್ಪ ಗಟ್ಟಿಮುಟ್ಟಾಗಿರುವಾಗ ಬೋಳು ತಲೆಯಲ್ಲಿ ಅಂಗಳದಲ್ಲಿ ನಿಂತರೆ ನೆರೆಕರೆಯವರು ಎಂತ ತಿಳಿದಾರು. ಶನಿವಾರ ಸಂಜೆ ಆರಕ್ಕೆ ಜಗಲಿಯ ಕಂಬಕ್ಕೆ ಫೋನು ಕಟ್ಟಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ಒಣಹಾಕಿದ ಅಡಿಕೆಯ ನಡುವೆ ಹೋಗಿ ನಿಂತೆ.

"ಒಂದು ದಿನದಲ್ಲಿ ಎಂತ ಕಾಣ್ತದೆ? ಅಡಿಕೆ ಒಣಗಲಿಕ್ಕೇ 40 ದಿನ ಬೇಕು" ಅಂದರು ಅಪ್ಪ.

ಹನ್ನೆರಡರವರೆಗೆ ಸರಿ ಇತ್ತು. ಒಂದಕ್ಕೂ ಎರಡಕ್ಕೂ ಅಮ್ಮನ ಹಳೇ ಫೋನಿನ ಅಲಾರಂ ಬಡಿದದ್ದು ನನಗೆ ಗೊತ್ತೇ ಆಗಲಿಲ್ಲ. ಮೂರಕ್ಕೆ ಎದ್ದು ಹೋಗಿ ನಿಂತರೆ ಹಿಂದಿನಿಂದ "ಯಾರದು?" ಅಂತ ಅಪ್ಪನ ಟಾರ್ಚು. ಅಡಿಕೆ ಕಳ್ಳ ಅಂದುಕೊಂಡಿದ್ದರು. ನಾನು ಅಂತ ಗೊತ್ತಾದ ಮೇಲೆ ಸಿಟ್ಟು ಇನ್ನೂ ಜಾಸ್ತಿ. ಐದು ಗಂಟೆಯದ್ದೂ ನಿದ್ದೆಯಲ್ಲೇ ಹೋಯಿತು. ಏಳಕ್ಕೆ ಹಾಲು ಕೊಡಲು ಸೊಸೈಟಿಗೆ ಹೋದವನು ಇಪ್ಪತ್ತು ನಿಮಿಷ ತಡ.

ಕಷ್ಟ ಇದ್ದದ್ದು ನಿದ್ದೆಯದ್ದಲ್ಲ. ಚಿತ್ರಕ್ಕೆ ಬೇಕಾದ್ದು ಒಂದು ನಿಮಿಷ, ಉಳಿದ ಐವತ್ತೊಂಬತ್ತು ನಿಮಿಷವೂ ಅದಕ್ಕೇ ಹೋಗುತ್ತಿತ್ತು. ಸ್ನಾನಕ್ಕೆ ಹೊರಟರೆ ಗಂಟೆ ನೋಡಬೇಕು, ಚಿಕ್ಕಮ್ಮ ಬಂದು ಮಾತಿಗೆ ಕೂತರೆ ಕಿವಿ ಅವರ ಕಡೆ, ಕಣ್ಣು ಗೋಡೆಯ ಕಡೆ. ತೋಟಕ್ಕೆ ಇಳಿದರೆ ಅರ್ಧದಿಂದ ಹತ್ತಿ ಬರಬೇಕು. ಒಂದು ದಿನಕ್ಕೇ ನನಗೆ ಹೀಗೆ, ಆ ಮನುಷ್ಯ ಒಂದು ವರ್ಷ ಅರ್ಧ ಗಂಟೆಗಿಂತ ದೂರದ ಯಾವ ಜಾಗಕ್ಕೂ ಹೋಗಿರಲಿಕ್ಕಿಲ್ಲ, ಒಂದು ಸಿನಿಮಾ ಪೂರ್ತಿ ಕೂತು ನೋಡಿರಲಿಕ್ಕಿಲ್ಲ. ಓದುವಾಗ ನನಗೆ ಬರೀ 8,760 ಕಂಡಿತ್ತು, ಅವುಗಳ ನಡುವಿನ ಹೊತ್ತು ತಲೆಗೆ ಹೋಗಿರಲಿಲ್ಲ.

ಹನ್ನೊಂದೂವರೆಗೆ ಅಪ್ಪ ಅಡಿಕೆ ಮಗುಚಲು ಹೇಳಿದರು. ಮಗುಚುತ್ತಾ ಗೋಡೆ ಗಡಿಯಾರ ನೋಡಿದರೆ ಹನ್ನೆರಡು! ಎಲ್ಲ ಬಿಟ್ಟು ಓಡಿ ಟೈಮರ್ ಒತ್ತಿ ನಿಂತೆ. ಫೋನಿನಲ್ಲಿ ನೋಡಿದರೆ 11.50. ಹುಟ್ಟಿದಂದಿನಿಂದ ಕಳೆಯುತ್ತಾ ಬಂದ ಹತ್ತನ್ನು ಆವತ್ತೇ ಮರೆತಿದ್ದೆ. ಬೇಗ ಒತ್ತಿದ್ದು: 1. ಆ ಬೇಜಾರಿಗೆ ಸೀದಾ ಊಟಕ್ಕೆ ಹೋಗಿ ಕೂತೆ.

ಭಾನುವಾರ ಸಂಜೆ ಲೆಕ್ಕ ಹಾಕಿದೆ. 24ರಲ್ಲಿ ಸಿಕ್ಕಿದ್ದು 19. ಶೇಯ ಲೆಕ್ಕದಲ್ಲಿ ಒಂದು ಸೆಕೆಂಡಿಗೂ ಸಾಲದು. ಜೋಡಿಸಿ ಅಪ್ಪನಿಗೆ ತೋರಿಸಿದೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. "ಎಲ್ಲಿ, ಇನ್ನೂ ಶುರುವಾಗ್ಲಿಲ್ವಾ?" ಅಂದರು. ನಿಧಾನ ಮಾಡಿ, ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸಿದೆ. ಕತ್ತಲು, ಕತ್ತಲು, ಟಾರ್ಚು ಹಿಡಿದ ಅವರೇ, ಕತ್ತಲು, ಬೆಳಕು, ಗಿಡ್ಡವಾಗುವ ತೆಂಗಿನ ನೆರಳು. ಮಧ್ಯಾಹ್ನ ಒಂದು ಗಂಟೆಯ ಚಿತ್ರ ಬಂದಾಗ "ನಿಲ್ಸು" ಅಂದರು. ನನ್ನ ಮುಖ ನೋಡ್ತಿದ್ದಾರೆ ಅಂದುಕೊಂಡೆ.

"ಆ ಬಾವಿ ಕಡೆಯ ಮೂಲೆಯದ್ದು ನೀನು ಮಗುಚಲೇ ಇಲ್ಲ."