ಅಪ್ಪನ ಸುರಂಗದ ದಾಖಲೆ: ಮೂರನೆಯ ಮತ್ತು ನಾಲ್ಕನೆಯ ತಿಂಗಳ ಕೆಲಸ

ಫೆಬ್ರವರಿ 8

ಬರುವ ಕಾರ್ತಿಕಕ್ಕೆ ಅಪ್ಪ ತೀರಿಕೊಂಡು ವರ್ಷ ತುಂಬುತ್ತದೆ. ಅಷ್ಟರೊಳಗೆ ಅವರು ತೋಡಿದ ಸುರಂಗವನ್ನು ಶುಚಿ ಮಾಡಿ, ಅಳೆದು, ಅವರ ಲೆಕ್ಕದ ಪುಸ್ತಕಗಳೊಂದಿಗೆ ತಾಳೆ ನೋಡಿ, ಒಂದು ದಾಖಲೆ ಸಿದ್ಧಪಡಿಸಬೇಕೆಂದು ಡಿಸೆಂಬರಿನಲ್ಲಿ ಹೊರಟಿದ್ದೆ. ಪುಸ್ತಕಗಳು ಒಟ್ಟು 23. ಅವುಗಳಲ್ಲಿ 14ನ್ನು ಓದಿ ಮುಗಿಸಿ, ಪುಟಪುಟದ ಫೋಟೊ ತೆಗೆದಿಟ್ಟಿದ್ದೇನೆ. ಎರಡರ ಅಂಚನ್ನು ಗೆದ್ದಲು ತಿಂದಿದೆಯಾದರೂ ಅಂಕಿಗಳು ಉಳಿದಿವೆ.

ಬಾಯಾರು, ಪೈವಳಿಕೆ, ಎಣ್ಮಕಜೆಯವರಿಗೆ ಸುರಂಗವೆಂದರೆ ಏನೆಂದು ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಬರೆಯುತ್ತೇನೆ: ಗುಡ್ಡದ ಬದಿಯಲ್ಲಿ, ಮುರಕಲ್ಲು ಎಂಬ ಕೆಂಪು ಕಲ್ಲಿನೊಳಗೆ, ಒಬ್ಬ ಮನುಷ್ಯ ಹೋಗಿಬರುವಷ್ಟು ಮಾತ್ರ ಅಗಲವಾಗಿ ಅಡ್ಡಕ್ಕೆ ಕೊರೆದುಕೊಂಡು ಹೋಗುವ ಬಾವಿ ಅದು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬಿದ್ದರೂ ಬಹುಪಾಲು ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುತ್ತದೆ. ಇಂಗಿದ ನೀರು ಮಾತ್ರ ಗುಡ್ಡದೊಳಗೆ ಒಸರುತ್ತಿರುತ್ತದೆ. ಆ ಒಸರನ್ನು ಹುಡುಕಿಕೊಂಡು ಹೋದರೆ ಪಂಪು, ಕರೆಂಟು ಏನೂ ಇಲ್ಲದೆ ನೀರು ತಾನಾಗಿಯೇ ಅಂಗಳಕ್ಕೆ ಹರಿದು ಬರುತ್ತದೆ. ಬೇಸಗೆಯಲ್ಲಿ ಸಿಕ್ಕಿದ ನೀರೇ ನಂಬಿಕೆಯ ನೀರಾದ್ದರಿಂದ ತೋಡುವುದೂ ಬೇಸಗೆಯಲ್ಲೇ.

ಅಪ್ಪ ಹುಟ್ಟಿದ್ದು 1943ರಲ್ಲಿ, ಓದಿದ್ದು ಐದನೆಯ ತರಗತಿಯವರೆಗೆ. ಅಜ್ಜ ಗೇಣಿಗೆ ಮಾಡುತ್ತಿದ್ದ ಗುಡ್ಡದ ತುಂಡು 1970ರ ಭೂಸುಧಾರಣೆಯಲ್ಲಿ ನಮ್ಮದಾಯಿತು. ಆದರೆ ಅದರಲ್ಲಿ ನೀರಿರಲಿಲ್ಲ. ಹಗಲೆಲ್ಲ ಅಪ್ಪ ಬೇರೆಯವರ ತೋಟದಲ್ಲಿ ದುಡಿಯುತ್ತಿದ್ದರು. ಮಳೆಗಾಲದಲ್ಲಿ ಕಾಲಿಗೆ ಹಗ್ಗದ ತಳೆ ಹಾಕಿ ಅಡಿಕೆ ಮರವೇರಿ, ಕಾಯಿ ಕೊಳೆಸುವ ಮಹಾಳಿ ರೋಗ ತಗಲದಂತೆ ಮೈಲುತುತ್ತು ಮತ್ತು ಸುಣ್ಣದ ಮದ್ದು ಬಿಡುವುದು, ಬೇಸಗೆಯಲ್ಲಿ ಅಡಿಕೆ ಸುಲಿಯುವುದು. ಸುರಂಗ ತೋಡಿದ್ದು ರಾತ್ರಿ, ಊಟವಾದ ಮೇಲೆ.

ಫೆಬ್ರವರಿ 22

ಅಳತೆಯ ಕೆಲಸ ಈ ವಾರ ಮುಗಿಯಿತು. ಪುಸ್ತಕದಲ್ಲಿ ಎಲ್ಲವೂ ಕೋಲಿನ ಲೆಕ್ಕ. ಒಂದು ಕೋಲು ಸುಮಾರು ಎರಡೂವರೆ ಅಡಿ. 1978ರ ಬೇಸಗೆಯಲ್ಲಿ 8 ಕೋಲು, 1979ರಲ್ಲಿ 12, 1980ರಲ್ಲಿ 10, 1981ರಲ್ಲಿ 11, ಒಟ್ಟು 41 ಕೋಲು. ಅಂದರೆ ನೂರೆರಡೂವರೆ ಅಡಿ ಇರಬೇಕು. ನನ್ನ ಟೇಪಿನಲ್ಲಿ ಮೊದಲ ಸಲ 98 ಅಡಿ ಬಂದಾಗ, ಅಪ್ಪನ ಲೆಕ್ಕ ಎಂದೂ ತಪ್ಪಿದ್ದಿಲ್ಲವೆಂಬ ಒಂದೇ ಧೈರ್ಯದಿಂದ ಮರುದಿನ ಮತ್ತೆ ಒಳಗೆ ಹೋದೆ. ಪುಸ್ತಕದಲ್ಲಿ 26ನೆಯ ಕೋಲಿನ ಎದುರು "ಕರಿಗಲ್ಲು, ಬಲಕ್ಕೆ" ಎಂದು ಬರೆದಿದೆ. ನಾನು ಟೇಪನ್ನು ಆ ತಿರುವಿನಲ್ಲಿ ಅಡ್ಡ ಹಾಯಿಸಿ ಎಳೆದಿದ್ದೆ. ಗೋಡೆಯ ಗುಂಟ ಹಿಡಿದು ಅಳೆದಾಗ ನೂರೊಂದೂವರೆ ಅಡಿ ಬಂತು. ಉಳಿದ ಒಂದು ಅಡಿ, ನಲವತ್ತು ವರ್ಷಗಳ ಮಳೆಗೆ ಸುರಂಗದ ಬಾಯಿಯ ಮಣ್ಣು ಜರಿದು ಹೋದದ್ದು.

ಆ ಕರಿಗಲ್ಲಿನ ಮೇಲೆ ಪಿಕ್ಕಾಸಿನ ಗುರುತುಗಳು ಇನ್ನೂ ಇವೆ. ಒತ್ತೊತ್ತಾಗಿ, ಒಂದೇ ಎತ್ತರದಲ್ಲಿ, ಮೊದಲು ಆಳವಾಗಿ, ಆಮೇಲೆ ಬರಿಯ ಗೀರುಗಳಾಗಿ. ಪುಸ್ತಕದ ಪ್ರಕಾರ ಆ ಕಲ್ಲಿನ ಎದುರು ಒಂಬತ್ತು ರಾತ್ರಿಗಳು ಹೋಗಿವೆ, ಒಂದು ಗೇಣೂ ಮುಂದೆ ಹೋಗಿಲ್ಲ. ನಾನು ಅಂಗೈಯಿಟ್ಟು ನೋಡಿದೆ, ಸ್ವಲ್ಪ ಹೊತ್ತು ಅಲ್ಲೇ ಕುಳಿತೆ. ಹತ್ತನೆಯ ರಾತ್ರಿ ಅವರು ಬಲಕ್ಕೆ ತಿರುಗಿದ್ದಾರೆ.

ಮಾರ್ಚ್ 9

ಗೋಡೆಯಲ್ಲಿ ದೀಪವಿಡುವ ಗೂಡುಗಳು ಎಂಟು. ಏಳು ಗೂಡುಗಳು ನಿಂತವನ ಭುಜದ ಎತ್ತರಕ್ಕಿವೆ, ಒಳಗೆಲ್ಲ ಚಿಮಿಣಿಯ ಮಸಿ. ದೀಪ ಬೆಳಕಿಗೆ ಮಾತ್ರವಲ್ಲ. ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬೇಕು. ಎಂಟನೆಯದು ಮಾತ್ರ ನೆಲದಿಂದ ಒಂದು ಮೊಳ ಮೇಲಿದೆ. ಅದು ಯಾಕೆಂದು ನನಗೆ ಹೊಳೆಯಲಿಲ್ಲ. ಅಮ್ಮನನ್ನು ಕೇಳಿದೆ.

ಮೊದಲ ಮೂರು ಬೇಸಗೆ ಅಪ್ಪ ಕಡಿದ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಹೊತ್ತವಳು ಅಮ್ಮ. 1981ರಲ್ಲಿ ನಾನು ಹೊಟ್ಟೆಯಲ್ಲಿದ್ದೆ, ಅವಳಿಗೆ ಬಗ್ಗಲಾಗುತ್ತಿರಲಿಲ್ಲ. ಮಣ್ಣನ್ನು ಅಪ್ಪನೇ ಹೊರತೊಡಗಿದರು. ಅವರು ಹೊರಗೆ ಹೋಗಿ ಬರುವವರೆಗೆ ದೀಪ ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಗೋಣಿಚೀಲದ ಮೇಲೆ ಕುಳಿತಿರುತ್ತಿದ್ದಳು. ಕುಳಿತಲ್ಲಿಂದಲೇ ಕೈಗೆಟಕಲಿ ಎಂದು ಕಡಿದ ಗೂಡು ಅದು.

ಇದನ್ನು ಕೇಳಿದ ಮೇಲೆ 1981ರ ಪುಸ್ತಕವನ್ನು ಮತ್ತೆ ತೆರೆದೆ. ಮೊದಲ ಓದಿನಲ್ಲಿ ನನಗೆ ಅರ್ಥವಾಗದೆ ಬಿಟ್ಟಿದ್ದ ಒಂದು ಸಾಲು ಪುಟದ ಬಲಬದಿಯಲ್ಲಿದೆ: "ಮಗಳ ಬಾಬ್ತು 0.25". ಮರುದಿನವೂ ಅದೇ. ಎಣಿಸಿದೆ, 47 ರಾತ್ರಿಗಳು. ಜೂನ್ ಮೊದಲ ವಾರದಲ್ಲಿ ಲೆಕ್ಕ ಚುಕ್ತಾ ಆಗಿದೆ: "ಮಗಳಿಗೆ ಕೊಡೆ 18.00. ಅವಳ ಬಾಬ್ತು 11.75, ನನ್ನ ಬಾಬ್ತು 6.25". ರಾತ್ರಿಯೇ ಅಕ್ಕನಿಗೆ ಫೋನು ಮಾಡಿ ಓದಿ ಹೇಳಿದೆ. ಕೊಡೆಯ ನೆನಪು ಅವಳಿಗೆ ಚೆನ್ನಾಗಿಯೇ ಇತ್ತು, ಶಾಲೆಗೆ ಅದನ್ನೇ ಒಯ್ದವಳು. ತನ್ನ ದುಡಿಮೆಗೆ ಕೂಲಿ ಬರೆದಿಟ್ಟಿದ್ದರೆಂಬುದು ಗೊತ್ತಿರಲಿಲ್ಲ. ಅಪ್ಪ ಅದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

ಅದೇ ಪುಸ್ತಕದ ಹಿಂಬದಿಯ ರಟ್ಟಿನೊಳಗೆ ಇನ್ನೊಂದು ಹಾಳೆ ಸಿಕ್ಕಿತು. ಮಲಯಾಳದ ಅಕ್ಷರಮಾಲೆ, ಪ್ರತಿ ಅಕ್ಷರದ ಕೆಳಗೆ ಕನ್ನಡದ ಅಕ್ಷರ, ಎರಡೂ ಅಪ್ಪನ ಕೈಬರಹ. 1956ರ ನವೆಂಬರಿನಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿದಾಗ ಅವರಿಗೆ 13 ವರ್ಷ. ಭೂಮಿಯ ಕಾಗದಗಳು ಮಲಯಾಳದಲ್ಲಿ ಬರತೊಡಗಿದ ಮೇಲೆ, ಅದನ್ನು ಓದಿಸಲು ನೆರೆಮನೆಗೆ ಹೋಗುವುದು ಅವರಿಗೆ ಸರಿಬರಲಿಲ್ಲ, ತಾವೇ ಕಲಿತರು ಎಂದು ಅಮ್ಮ ಹೇಳುತ್ತಾಳೆ. ಈ ಹಾಳೆಯನ್ನು ಪ್ರತ್ಯೇಕವಾಗಿ ಕಾಪಿಡುತ್ತೇನೆ.

ಮಾರ್ಚ್ 23

ಈ ಹದಿನೈದು ದಿನಗಳಲ್ಲಿ ಒಂದು ತಪ್ಪು ನನ್ನಿಂದ ಆಯಿತು. ಹೂಳು ತೆಗೆಯುವ ಅವಸರದಲ್ಲಿ, ಬಾಯಿಯಿಂದ ಮೂರು ಕೋಲು ಒಳಗೆ ಅಪ್ಪ ಕಟ್ಟಿದ್ದ ಮಣ್ಣಿನ ಅಡ್ಡಗಟ್ಟೆಗೆ ಹಾರೆ ತಗಲಿ ಅದು ಒಡೆಯಿತು. ನಾಲ್ಕು ದಿನ ಮನೆಗೆ ಕೆಂಪು ನೀರು ಬಂತು. ಸಿಮೆಂಟಿನಲ್ಲಿ ಕಟ್ಟೋಣವೆಂದೆ. ಅಮ್ಮ ಒಪ್ಪಲಿಲ್ಲ. ಸುರಂಗದ ಒಳಗಿನಿಂದಲೇ ಜೇಡಿಮಣ್ಣು ತರಿಸಿ, ಕಾಲಿನಲ್ಲಿ ತುಳಿಸಿ, ಹದ ಬರುವವರೆಗೆ ಮೂರು ಸಲ ಉಂಡೆ ಮಾಡಿಸಿ ನೋಡಿ, ತಾನು ಬಾಯಿಯಲ್ಲಿ ಕುಳಿತು ನನ್ನಿಂದ ಕಟ್ಟಿಸಿದಳು. ನೀರು ಹರಿಸುವ ಅಡಿಕೆ ಮರದ ದಂಬೆ ಇದ್ದ ಜಾಗದಲ್ಲಿ ಅಪ್ಪನೇ ಹಾಕಿಸಿದ್ದ ಪಿವಿಸಿ ಪೈಪನ್ನು ಹಾಗೆಯೇ ಉಳಿಸಿದ್ದೇವೆ.

ಏಪ್ರಿಲ್ 3

ಕಟ್ಟೆ ನಿಂತಿದೆ, ನೀರು ತಿಳಿಯಾಗಿದೆ. ಹತ್ತು ಲೀಟರಿನ ಬಕೆಟ್ ತುಂಬಲು ಈಗ 52 ಸೆಕೆಂಡು ಬೇಕು. ಒಸರು ತೀರ ಕಡಿಮೆಯಾಗುವುದು ಮೇ ತಿಂಗಳಲ್ಲಾದ್ದರಿಂದ ಮಳೆ ಬರುವವರೆಗೆ ಪ್ರತಿ ಭಾನುವಾರ ಅಳೆದು ಬರೆದಿಡುತ್ತೇನೆ. ಇನ್ನು ಒಂಬತ್ತು ಪುಸ್ತಕಗಳ ಓದು ಬಾಕಿ ಇದೆ. ಏಳು ಗೂಡುಗಳ ಫೋಟೊ ಆಯಿತು. ಎಂಟನೆಯದನ್ನು ಬಿಟ್ಟಿದ್ದೇನೆ, ವಿಷುವಿಗೆ ಅಕ್ಕ ಬರುತ್ತಾಳೆ, ದೀಪ ಅವಳೇ ಇಡಬೇಕು.