ಡೋಲಿನ ಪೆಟ್ಟಿಗೂ ಅದರ ಸದ್ದಿಗೂ ನಡುವೆ ಇಪ್ಪತ್ತು ಫ್ರೇಮು

1994ರಲ್ಲಿ ನಡೆದ ನಮ್ಮ ಚಿಕ್ಕಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಡಿವಿಡಿಗೆ ಇಳಿಸಿಕೊಡುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದಿದ್ದೆ. ಆರತಿಯ ಹೊತ್ತಿನಲ್ಲಿ ನಮ್ಮ ಅಜ್ಜಿ ಸೋಬಾನೆ ಹೇಳುವ ಆರೇಳು ನಿಮಿಷಗಳ ದೃಶ್ಯ ಅದರಲ್ಲಿದೆ. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ದನಿ ಉಳಿದಿರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಮೊದಲ ಡಿಸ್ಕನ್ನು ಚಿಕ್ಕಮ್ಮನ ಮನೆಯ ಪ್ಲೇಯರಿಗೆ ಹಾಕಿ ಎಲ್ಲರೂ ನೋಡಲು ಕುಳಿತಾಗ ಆರಂಭದ ಶಾಸ್ತ್ರಗಳೆಲ್ಲ ಸರಿಯಾಗಿಯೇ ಕಂಡವು. ಮುಹೂರ್ತದ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಗಟ್ಟಿಮೇಳಕ್ಕೆ ಸನ್ನೆ ಮಾಡಿದರು, ಡೋಲಿನವರ ಕೋಲು ಚರ್ಮಕ್ಕೆ ತಾಗಿ ಮೇಲೆದ್ದಿತು, ಆಮೇಲೆ ಸದ್ದು ಬಂದಿತು. ಅಜ್ಜಿಯ ಹಾಡಿನಲ್ಲಂತೂ ಅವರ ತುಟಿಗಳು ಮುಚ್ಚಿಕೊಂಡ ಮೇಲೂ ಸಾಲಿನ ಕೊನೆ ಕೇಳುತ್ತಲೇ ಇತ್ತು. "ಅಮ್ಮನ ಬಾಯಿ ಒಂದು ಹೇಳ್ತದೆ, ಕಿವಿಗೆ ಇನ್ನೊಂದು ಕೇಳ್ತದೆ ಕಣೋ" ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿದರು. ಅದನ್ನು ಸರಿಪಡಿಸಲು ನನಗೆ ಮೂರು ವಾರ ಹಿಡಿಯಿತು. ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸುವವರು ಇನ್ನೂ ಇದ್ದಾರೆಂದು ನನಗೆ ಗೊತ್ತಿರುವುದರಿಂದ ಆ ಮೂರು ವಾರಗಳಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಸಂಶಯಪಟ್ಟದ್ದು ಬರ್ನ್ ಮಾಡುವ, ಅಂದರೆ ಡಿಸ್ಕಿಗೆ ಬರೆಯುವ, ಹಂತವನ್ನು. ವೇಗವನ್ನು 16ರಿಂದ 4ಕ್ಕೆ ಇಳಿಸಿ ಬರೆದೆ, ಬೇರೆ ಕಂಪನಿಯ ಡಿಸ್ಕ್ ತಂದು ಬರೆದೆ, ನಾಲ್ಕು ಡಿಸ್ಕುಗಳು ಹಾಳಾದವು; ನಾಲ್ಕರಲ್ಲೂ ಸದ್ದು ಅದೇ ಜಾಗದಲ್ಲಿ ಅಷ್ಟೇ ತಡವಾಗಿತ್ತು. ಹಾಗಾಗುವುದು ಸಹಜವೇ ಆಗಿತ್ತು. ಡಿವಿಡಿಯಲ್ಲಿ ಚಿತ್ರವೂ ಸದ್ದೂ ವಿಒಬಿ ಎಂಬ ಒಂದೇ ಕಡತದೊಳಗೆ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೆಣೆದುಕೊಂಡಿರುತ್ತವೆ, ಮತ್ತು ಯಾವುದನ್ನು ಯಾವ ಕ್ಷಣದಲ್ಲಿ ತೋರಿಸಬೇಕು ಅಥವಾ ಕೇಳಿಸಬೇಕು ಎಂಬ ಸಮಯದ ಗುರುತು, ಸೆಕೆಂಡಿಗೆ 90,000 ಎಣಿಕೆಯ ಗಡಿಯಾರದ ಲೆಕ್ಕದಲ್ಲಿ, ಅದರೊಳಗೇ ಬರೆದಿರುತ್ತದೆ. ಬರ್ನರ್ ಆ ಕಡತವನ್ನು ಇದ್ದ ಹಾಗೆ ಡಿಸ್ಕಿಗೆ ನಕಲು ಮಾಡುತ್ತದೆ, ಅಷ್ಟೇ. ಡಿಸ್ಕ್ ಕಳಪೆಯಾಗಿದ್ದರೆ ಚಿತ್ರ ನಿಲ್ಲುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ, ಸದ್ದು ಕತ್ತರಿಸಿ ಹೋಗುತ್ತದೆ. ಆದರೆ ಗಂಟೆಗೆ ಇಷ್ಟು ಎಂಬಂತೆ ಸದ್ದು ಒಂದೇ ಸಮನೆ ಹಿಂದೆ ಬೀಳುವುದಿಲ್ಲ. ಆದ್ದರಿಂದ ಬರೆಯುವ ಮೊದಲೇ ಹಾರ್ಡ್ ಡಿಸ್ಕಿನಲ್ಲಿರುವ ವಿಡಿಯೋ ಟಿಎಸ್ ಫೋಲ್ಡರನ್ನು (ವಿಒಬಿ ಕಡತಗಳಿರುವುದು ಇದರಲ್ಲೇ) ವಿಎಲ್‌ಸಿ ಎಂಬ ಪ್ಲೇಯರ್ ತಂತ್ರಾಂಶದಲ್ಲಿ ತೆರೆದು, ಕೊನೆಯ ಹತ್ತು ನಿಮಿಷಗಳನ್ನು ನೋಡಬೇಕು. ಅಲ್ಲಿ ತಪ್ಪಿದ್ದರೆ ಡಿಸ್ಕಿನಲ್ಲೂ ತಪ್ಪಿರುತ್ತದೆ.

ಟಿವಿಯ ಮೇಲೂ ಒಂದು ದಿನ ಸಂಶಯಪಟ್ಟೆ. ಈಗಿನ ಎಲ್‌ಸಿಡಿ ಟಿವಿಗಳು ಚಿತ್ರವನ್ನು ಹದಗೊಳಿಸಲು ಸ್ವಲ್ಪ ಹೊತ್ತು ತೆಗೆದುಕೊಳ್ಳುವುದರಿಂದ, ಸದ್ದನ್ನು ಬೇರೆ ಸ್ಪೀಕರಿಗೆ ನೇರವಾಗಿ ಕೊಟ್ಟಿದ್ದರೆ ಚಿತ್ರ ಹಿಂದೆ ಬೀಳುವುದುಂಟು. ಆ ದೋಷ ಮೊದಲಿಂದ ಕೊನೆಯವರೆಗೆ ಒಂದೇ ಪ್ರಮಾಣದಲ್ಲಿರುತ್ತದೆ, ಮತ್ತು ಅಂಗಡಿಯಿಂದ ತಂದ ಯಾವುದೇ ಒಳ್ಳೆಯ ಡಿಸ್ಕ್ ಹಾಕಿದರೂ ಕಾಣಿಸುತ್ತದೆ. ನಮ್ಮದು ಹಾಗಿರಲಿಲ್ಲ. ಎಷ್ಟು ತಪ್ಪಿದರೆ ಜನರಿಗೆ ಗೊತ್ತಾಗುತ್ತದೆ ಎಂಬುದಕ್ಕೂ ಅಳತೆಯಿದೆ: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ, ಸದ್ದು ಸುಮಾರು 45 ಮಿಲಿಸೆಕೆಂಡು ಮುಂಚೆ ಬಂದರೆ ಅಥವಾ ಸುಮಾರು 125 ಮಿಲಿಸೆಕೆಂಡು ತಡವಾದರೆ ನೋಡುವವರು ಗುರುತಿಸುತ್ತಾರೆ. ಮುಂಚೆ ಬರುವ ಸದ್ದನ್ನು ನಾವು ಕಡಿಮೆ ಸಹಿಸುತ್ತೇವೆ; ದೂರದಲ್ಲಿ ಬಟ್ಟೆ ಒಗೆಯುವವರ ಸದ್ದು ಕಣ್ಣಿಗೆ ಕಂಡ ಮೇಲೆ ಬರುವುದನ್ನು ನೋಡಿ ಬೆಳೆದವರಿಗೆ ಇದು ಆಶ್ಚರ್ಯವೇನಲ್ಲ. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು (ಬಿಡಿ ಚಿತ್ರ), ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡು. ಹೀಗಾಗಿ ಸದ್ದು ಮೂರು ಫ್ರೇಮು ತಡವಾದರೂ ನಡೆಯುತ್ತದೆ, ನಾಲ್ಕಾದರೆ ಕಣ್ಣಿಗೆ ಬೀಳತೊಡಗುತ್ತದೆ.

ಅಳೆಯದೆ ಇದಕ್ಕೆ ಮದ್ದಿಲ್ಲ ಎಂಬುದು ನನಗೆ ಎರಡನೆಯ ವಾರದಲ್ಲಿ ಮನವರಿಕೆಯಾಯಿತು. ಸಿನಿಮಾದವರು ಕ್ಲ್ಯಾಪ್ ಹಲಗೆ ಬಡಿಯುವುದು ಇದಕ್ಕಾಗಿಯೇ. ನಮ್ಮ ಮದುವೆಯ ವಿಡಿಯೋಗಳಲ್ಲಿ ಅಂಥ ಕ್ಲ್ಯಾಪ್‌ಗಳು ಬೇಕಾದಷ್ಟಿರುತ್ತವೆ, ಹುಡುಕಿಕೊಳ್ಳಬೇಕು. ಕ್ಯಾಪ್ಚರ್ ಮಾಡಿದ, ಅಂದರೆ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ, ಕಡತವನ್ನು ಎಡಿಟರಿನಲ್ಲಿ ತೆರೆದು, ಸದ್ದಿನ ಅಲೆಯ ಚಿತ್ರವನ್ನು ಕೆಳಗೆ ಹರಡಿಕೊಂಡು, ಒಂದೊಂದೇ ಫ್ರೇಮು ಸರಿಸುತ್ತ ಹೋದೆ. ನಾಲ್ಕನೆಯ ನಿಮಿಷದಲ್ಲಿ ನಮ್ಮ ಮಾವ ಗಣಪತಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಒಂದು ಫ್ರೇಮಿನಲ್ಲಿ ಕಾಯಿ ಕಲ್ಲಿಗಿಂತ ಒಂದು ಗೇಣು ಮೇಲಿದೆ, ಮುಂದಿನ ಫ್ರೇಮಿನಲ್ಲಿ ಎರಡು ಹೋಳಾಗಿ ನೀರು ಚಿಮ್ಮುತ್ತಿದೆ. ಅಲೆಯ ಚೂಪು ಅದರ ನಂತರದ ಫ್ರೇಮಿನ ಕೆಳಗೆ ನಿಂತಿದೆ. ತಡ ಒಂದು ಫ್ರೇಮು. ಒಂದು ಗಂಟೆ ನಾಲ್ಕನೆಯ ನಿಮಿಷದಲ್ಲಿ ಗಟ್ಟಿಮೇಳದ ಮೊದಲ ಡೋಲಿನ ಪೆಟ್ಟು: ತಡ ಇಪ್ಪತ್ತು ಫ್ರೇಮು. ಎರಡು ಗಂಟೆ ನಾಲ್ಕನೆಯ ನಿಮಿಷದಲ್ಲಿ, ಹೆಣ್ಣು ಒಪ್ಪಿಸಿಕೊಟ್ಟ ಮೇಲೆ, ಅಂಬಾಸಿಡರ್ ಕಾರಿನ ಬಾಗಿಲು ಹಾಕಿಕೊಳ್ಳುತ್ತದೆ: ತಡ ಮೂವತ್ತೊಂಬತ್ತು ಫ್ರೇಮು.

ಈ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡಾಗ ರೋಗ ತಾನಾಗಿ ಹೆಸರು ಹೇಳಿತು. ಮೂರು ಕಡೆಯೂ ಒಂದೇ ಅಂತರವಿದ್ದಿದ್ದರೆ ಸದ್ದನ್ನು ಅಷ್ಟು ಬೇಗ ಬರುವಂತೆ ಸರಿಸಿದರೆ ಸಾಕಾಗುತ್ತಿತ್ತು. ಅಂತರ ಮೆಟ್ಟಿಲು ಮೆಟ್ಟಿಲಾಗಿ ಹಾರಿದ್ದರೆ ನಡುನಡುವೆ ಫ್ರೇಮುಗಳು ಬಿದ್ದುಹೋಗಿವೆ ಎಂದರ್ಥ. ಇಲ್ಲಿ ಗಂಟೆಗೆ ಹತ್ತೊಂಬತ್ತು ಫ್ರೇಮಿನಂತೆ, ಅಂದರೆ ಸುಮಾರು ಮುಕ್ಕಾಲು ಸೆಕೆಂಡಿನಂತೆ, ಅಂತರ ಸಮನಾಗಿ ಬೆಳೆದಿತ್ತು. ಹೀಗೆ ಬೆಳೆಯುವ ಅಂತರದ ಹಿಂದೆ ಸಾಮಾನ್ಯವಾಗಿ ಎರಡು ಗಡಿಯಾರಗಳ ಜಗಳವಿರುತ್ತದೆ. ನಾನು ವಿಸಿಆರ್‌ನಿಂದ ಚಿತ್ರವನ್ನು ಕ್ಯಾಪ್ಚರ್ ಕಾರ್ಡಿಗೂ ಸದ್ದನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿಗೂ ಕೊಟ್ಟಿದ್ದೆ. ಎರಡರಲ್ಲೂ ಗಡಿಯಾರ ನಡೆಸುವ ಬೇರೆ ಬೇರೆ ಸ್ಫಟಿಕವಿದೆ, ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸೆಕೆಂಡನ್ನು ಅಳೆಯುತ್ತವೆ. ಸೌಂಡ್ ಕಾರ್ಡ್ ತಾನು ಸೆಕೆಂಡಿಗೆ ಸದ್ದಿನ 48,000 ಮಾದರಿಗಳನ್ನು (ಬಿಡಿ ಅಳತೆಗಳನ್ನು) ತೆಗೆಯುತ್ತಿದ್ದೇನೆ ಎಂದು ಕಡತದ ತಲೆಯಲ್ಲಿ ಬರೆದಿದ್ದರೂ, ಚಿತ್ರದ ಗಡಿಯಾರದ ಪ್ರಕಾರ ತೆಗೆದದ್ದು ಸುಮಾರು 48,010. ಹೆಚ್ಚಾದ ಆ ಹತ್ತು ಮಾದರಿಗಳನ್ನು ಪ್ಲೇಯರ್ 48,000ದ ವೇಗದಲ್ಲಿಯೇ ನುಡಿಸುವುದರಿಂದ ಸದ್ದು ಪ್ರತಿ ಸೆಕೆಂಡಿಗೂ ಎಳ್ಳಿನಷ್ಟು ಉದ್ದವಾಗುತ್ತದೆ, ಎರಡು ಗಂಟೆಗಳಲ್ಲಿ ಆ ಎಳ್ಳು ಒಂದೂವರೆ ಸೆಕೆಂಡಾಗುತ್ತದೆ.

ಹಾಗಾದ ಮೇಲೆ ಪರಿಹಾರ ಸರಳ. ಸದ್ದನ್ನು ಡಬ್ಲ್ಯುಎವಿ ಎಂಬ ಸದ್ದಿನ ಕಡತವಾಗಿ ಹೊರತೆಗೆದು, ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಇಡೀ ಕಡತದ ವೇಗವನ್ನು ನೂರಕ್ಕೆ 0.021ರಷ್ಟು ಹೆಚ್ಚಿಸಿದೆ. ಅಲ್ಲಿ ಟೆಂಪೊ ಬದಲಿಸುವ ಆಯ್ಕೆಯೂ ಇದೆ, ಶ್ರುತಿ ಬದಲಾಗದಂತೆ ಉದ್ದವನ್ನು ಮಾತ್ರ ಬದಲಿಸುತ್ತದೆ ಎಂಬ ಕಾರಣಕ್ಕೆ ಅನೇಕರು ಅದನ್ನೇ ಹಿಡಿಯುತ್ತಾರೆ. ಈ ರೋಗಕ್ಕೆ ಅದು ತಪ್ಪು ಮದ್ದು ಎಂದು ನನ್ನ ಅಭಿಪ್ರಾಯ. ಗಡಿಯಾರದ ತಪ್ಪು ಉದ್ದವನ್ನೂ ಶ್ರುತಿಯನ್ನೂ ಒಂದೇ ಪ್ರಮಾಣದಲ್ಲಿ ಕೆಡಿಸಿರುವಾಗ, ವೇಗವನ್ನು ಬದಲಿಸಿದರೆ ಎರಡೂ ಮೂಲಕ್ಕೆ ಮರಳುತ್ತವೆ. ಟೆಂಪೊ ಬದಲಿಸಿದರೆ ಸದ್ದನ್ನು ಕತ್ತರಿಸಿ ಅಂಟಿಸುವ ಕೆಲಸ ನಡೆದು, ನಾದಸ್ವರದ ಎಳೆದ ಸ್ವರಗಳಲ್ಲಿ ಸಣ್ಣ ನಡುಕ ಕೇಳಿಸಬಹುದು. ಇನ್ನೂ ಕ್ಯಾಪ್ಚರ್ ಮಾಡದವರು ವರ್ಚುಯಲ್‌ಡಬ್ ಎಂಬ ವಿಡಿಯೋ ತಂತ್ರಾಂಶದ ಕ್ಯಾಪ್ಚರ್ ವಿಭಾಗದಲ್ಲಿ ಸದ್ದನ್ನು ಚಿತ್ರಕ್ಕೆ ತಕ್ಕಂತೆ ಆಗಾಗಲೇ ಹೊಂದಿಸುವ ಆಯ್ಕೆಯನ್ನು ಹಾಕಿಕೊಂಡರೆ ಈ ಲೆಕ್ಕದ ಬಹುಪಾಲು ತಪ್ಪುತ್ತದೆ.

ಬಿದ್ದುಹೋದ ಫ್ರೇಮುಗಳ ವಿಷಯ ಇದಕ್ಕಿಂತ ಕಷ್ಟದ್ದು. ಅಣ್ಣನ ಉಪನಯನದ ಕ್ಯಾಸೆಟ್ಟಿನಲ್ಲಿ ಟೇಪು ಸುಕ್ಕುಗಟ್ಟಿದ ಎರಡು ಜಾಗಗಳಿವೆ. ಅಲ್ಲಿ ವಿಸಿಆರ್ ಕೊಡುವ ಸಂಕೇತ ಅಲುಗಾಡುತ್ತದೆ, ಕಾರ್ಡ್ ಫ್ರೇಮನ್ನು ಹಿಡಿಯಲಾರದೆ ಬಿಟ್ಟುಬಿಡುತ್ತದೆ, ಸದ್ದು ಮಾತ್ರ ಅವಿಚ್ಛಿನ್ನವಾಗಿ ದಾಖಲಾಗುತ್ತದೆ. ಇಪ್ಪತ್ತೈದು ಫ್ರೇಮು ಬಿದ್ದರೆ ಅಲ್ಲಿಂದ ಮುಂದೆ ಸದ್ದು ಪೂರಾ ಒಂದು ಸೆಕೆಂಡು ತಡ. ಇದಕ್ಕೆ ಇಡೀ ಕಡತವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ನಡೆಯದು. ಸುಕ್ಕಿನ ಜಾಗದಲ್ಲಿ ಕಡತವನ್ನು ತುಂಡು ಮಾಡಿ, ಮುಂದಿನ ತುಂಡಿನ ಸದ್ದನ್ನು ಪ್ರತ್ಯೇಕವಾಗಿ ಸರಿಸಿ ಕೂಡಿಸಬೇಕು. ಅಲುಗಾಡುವ ಸಂಕೇತವನ್ನು ಸ್ಥಿರಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವನ್ನು ವಿಸಿಆರ್‌ಗೂ ಕಾರ್ಡಿಗೂ ನಡುವೆ ಇಟ್ಟುಕೊಳ್ಳಲು ಸಾಧ್ಯವಾದವರಿಗೆ ಈ ತೊಂದರೆ ಬಹಳ ಕಡಿಮೆ.

ಕ್ಯಾಸೆಟ್ಟಲ್ಲದ ಮೂಲಗಳಿಗೆ ಬೇರೆ ಕಾರಣಗಳಿವೆ. ಅಮೆರಿಕದಲ್ಲಿರುವ ಅಕ್ಕನ ಸೀಮಂತದ ಮಿನಿ ಡಿವಿ ಟೇಪು ಅಲ್ಲಿಯ ಪದ್ಧತಿಯಂತೆ ಸೆಕೆಂಡಿಗೆ 29.97 ಫ್ರೇಮಿನದು, ಅದನ್ನು 30 ಎಂದು ತಪ್ಪಾಗಿ ನಮೂದಿಸಿದರೆ ಗಂಟೆಗೆ 3.6 ಸೆಕೆಂಡು ವ್ಯತ್ಯಾಸ ಬರುತ್ತದೆ. ಅಂಥ ಕ್ಯಾಮೆರಾಗಳಲ್ಲಿ 12 ಬಿಟ್ ಆಯ್ಕೆಯಲ್ಲಿ ಸದ್ದು ದಾಖಲಾಗಿದ್ದರೆ ಅದರ ದರ 32 ಕಿಲೋಹರ್ಟ್ಸ್, ಡಿವಿಡಿಗೆ ಬೇಕಾದದ್ದು 48. ಪರಿವರ್ತನೆಯನ್ನು ಡಿಸ್ಕ್ ತಯಾರಿಸುವ ತಂತ್ರಾಂಶಕ್ಕೆ ಬಿಡದೆ ಮುಂಚೆಯೇ ಮಾಡಿಕೊಳ್ಳುವುದು ಕ್ಷೇಮ. ಮೊಬೈಲಿನ ವಿಡಿಯೋಗಳಲ್ಲಿ ಫ್ರೇಮುಗಳ ದರ ಸ್ಥಿರವಾಗಿರುವುದಿಲ್ಲ, ಬೆಳಕು ಕಡಿಮೆಯಾದರೆ ಅದೂ ಇಳಿಯುತ್ತದೆ. ಅವುಗಳನ್ನು ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ತಂದ ಮೇಲೆಯೇ ಎಡಿಟರಿಗೆ ಕೊಡಬೇಕು. ಎವಿಐ ಎಂಬ ವಿಡಿಯೋ ಕಡತದೊಳಗೆ ಬದಲಾಗುವ ಬಿಟ್ ದರದ ಎಂಪಿ3 ಸದ್ದಿದ್ದರೆ ಮೊದಲು ಅದನ್ನು ಡಬ್ಲ್ಯುಎವಿ ಮಾಡಿಕೊಳ್ಳಬೇಕು.

ಕೊನೆಯ ಹಂತದಲ್ಲಿ ಒಂದು ಸಣ್ಣ ಬಲೆಯಿದೆ. ಚಿತ್ರವನ್ನೂ ಸದ್ದನ್ನೂ ಬೇರ್ಪಡಿಸುವ ಕೆಲವು ತಂತ್ರಾಂಶಗಳು ಅವೆರಡರ ಆರಂಭದ ಅಂತರವನ್ನು ಸದ್ದಿನ ಕಡತದ ಹೆಸರಿನಲ್ಲೇ ಮಿಲಿಸೆಕೆಂಡುಗಳಲ್ಲಿ ಬರೆದಿಡುತ್ತವೆ. ಕಡತಕ್ಕೆ ಚಂದದ ಹೆಸರಿಡುವ ಉತ್ಸಾಹದಲ್ಲಿ ನಾನು ಆ ಸಂಖ್ಯೆಯನ್ನು ಒಮ್ಮೆ ಅಳಿಸಿಬಿಟ್ಟಿದ್ದೆ. ಮತ್ತೆ ಜೋಡಿಸುವಾಗ ಅದನ್ನು ಕೊಡದಿದ್ದರೆ ಸದ್ದು ಮೊದಲಿನಿಂದಲೇ ಅಷ್ಟು ಸರಿದು ಕೂರುತ್ತದೆ. ಅಂತರ ಎಷ್ಟೆಂದು ಕಿವಿಯಿಂದಲೇ ಹುಡುಕಬೇಕಾಗಿ ಬಂದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಸದ್ದನ್ನು 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಸರಿಸುತ್ತವೆ. ಮತ್ತು ಪರೀಕ್ಷೆಗೆ ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯು ಡಿಸ್ಕನ್ನೇ ಬಳಸಬೇಕು.

ಐದನೆಯ ಡಿಸ್ಕಿನಲ್ಲಿ ಕಾಯಿ, ಡೋಲು, ಕಾರಿನ ಬಾಗಿಲು ಮೂರೂ ಒಂದು ಫ್ರೇಮಿನೊಳಗೆ ಬಂದು ನಿಂತವು, ಅಜ್ಜಿಯ ತುಟಿಯೂ ದನಿಯೂ ಕೂಡಿದವು. ಚಿಕ್ಕಮ್ಮ ಆ ಹಾಡಿನ ಭಾಗವನ್ನು ಮೂರು ಸಲ ಹಾಕಿಸಿದರು. ಅದೇ ಕಾರ್ಡುಗಳಿಂದ ಕ್ಯಾಪ್ಚರ್ ಮಾಡಿದ ಇನ್ನೆರಡು ಕ್ಯಾಸೆಟ್ಟುಗಳಿಗೂ 0.021 ಎಂಬ ಅದೇ ಸಂಖ್ಯೆ ಸರಿಹೋದದ್ದರಿಂದ ಅದನ್ನು ಕಂಪ್ಯೂಟರಿನ ಡಬ್ಬಿಯ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಸೌಂಡ್ ಕಾರ್ಡ್ ಬದಲಾದ ದಿನ ಆ ಚೀಟಿಯನ್ನು ಕಿತ್ತು ಮತ್ತೆ ತೆಂಗಿನಕಾಯಿಯಿಂದ ಅಳೆಯಬೇಕು.