ಸಿನಿಮಾ ನೋಡಿದ ಮೇಲೂ ‘ಅಕಿರಾ’ ಪುಸ್ತಕ ಓದಬೇಕಾ?

ನಾನು ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಓದುತ್ತೇನೆ ಅಂತ ಗೊತ್ತಾದವರು ಜಾಸ್ತಿ ಕೇಳುವುದು ಇದನ್ನೇ: “‘ಅಕಿರಾ’ ಸಿನಿಮಾ ನೋಡಿದ್ದೀನಿ. ಪುಸ್ತಕಾನೂ ಓದಬೇಕಾ?”

ಓದಲೇಬೇಕು. ಯಾಕೆಂದರೆ ಸಿನಿಮಾದಲ್ಲಿ ಅಕಿರಾನೇ ಇಲ್ಲ. ಗಾಜಿನ ಜಾಡಿಗಳಲ್ಲಿ ಕಾಪಿಟ್ಟ ಚೂರುಗಳಾಗಿದ್ದಾನೆ, ಕೊನೆಗೊಮ್ಮೆ ಮುಖ ತೋರಿಸಿ ಮರೆಯಾಗುತ್ತಾನೆ. ಪುಸ್ತಕದಲ್ಲಿ ಅವನು ಉಸಿರಾಡುವ ಪುಟ್ಟ ಹುಡುಗ.

ಕತ್ಸುಹಿರೊ ಓಟೊಮೊ ಇದನ್ನು 1982ರ ಡಿಸೆಂಬರ್‌ನಲ್ಲಿ ‘ಯಂಗ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರು ಮಾಡಿದರು. ಮುಗಿದದ್ದು 1990ರಲ್ಲಿ. 6 ಸಂಪುಟ, 2000ಕ್ಕೂ ಹೆಚ್ಚು ಪುಟ. ಅವರೇ ನಿರ್ದೇಶಿಸಿದ ಸಿನಿಮಾ ಬಂದದ್ದು 1988ರಲ್ಲಿ. ಅಂದರೆ ಕತೆ ಇನ್ನೂ ನಡೆಯುತ್ತಿತ್ತು!

ಕತೆಯಲ್ಲಿ ಟೋಕಿಯೊ ಸ್ಫೋಟಗೊಂಡು ಸುಟ್ಟುಹೋಗಿದೆ. 2019ರ ಹೊತ್ತಿಗೆ ನಿಯೋ-ಟೋಕಿಯೊ ಎದ್ದು ನಿಂತಿದೆ. ಒಂದು ರಾತ್ರಿ ಕಾನೆದಾ, ತೆತ್ಸುವೊ ಎಂಬ ಹುಡುಗರು ಮತ್ತು ಅವರ ಗೆಳೆಯರು ಹಾಳುಬಿದ್ದ ರಸ್ತೆಯಲ್ಲಿ ಬೈಕ್ ಓಡಿಸುತ್ತಿರುವಾಗ ಒಂದು ಮಗು ಅಡ್ಡ ಬರುತ್ತದೆ. ಮೈ ಮಗುವಿನದು, ಮುಖ ಮುದುಕನದು. ಅಂಗೈಯಲ್ಲಿ 26 ಎಂಬ ಅಂಕಿ.

ಅವನು ತಕಾಶಿ. 25 ಅಂದರೆ ಕಿಯೊಕೊ, ಹಾಸಿಗೆ ಬಿಟ್ಟು ಏಳಲಾರದವಳು. 27 ಮಸಾರು. ಸರ್ಕಾರದ ಗುಟ್ಟಿನ ಪ್ರಯೋಗದಲ್ಲಿ ಇವರಿಗೆ ಮನಸ್ಸಿನಿಂದಲೇ ವಸ್ತುಗಳನ್ನು ಅಲುಗಾಡಿಸುವ ಶಕ್ತಿ ಬಂದಿದೆ. ಆ ಶಕ್ತಿಯನ್ನು ಹಿಡಿತದಲ್ಲಿಡಲು ಮಾತ್ರೆ ನುಂಗುತ್ತಾ ಇರಬೇಕು. ಅವರ ಕೋಣೆ ತುಂಬ ಆಟಿಕೆಗಳು. ಆ ಚಿತ್ರ ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಬಾಲ್ಯ ಮುಗಿಯಲೇ ಇಲ್ಲ, ಶುರುವಾಗಲೂ ಇಲ್ಲ.

28 ಅಕಿರಾ. ಒಲಿಂಪಿಕ್ಸ್‌ಗೆಂದು ಕಟ್ಟುತ್ತಿರುವ ಕ್ರೀಡಾಂಗಣದ ಅಡಿಯಲ್ಲಿ ಅವನನ್ನು ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಈ ಅಂಕಿಗೂ ಒಂದು ಹಿನ್ನೆಲೆ ಇದೆ. ಮಿತ್ಸುತೆರು ಯೊಕೊಯಾಮ 1956ರಲ್ಲಿ ಶುರು ಮಾಡಿದ ‘ತೆತ್ಸುಜಿನ್ 28’ ಕಾಮಿಕ್ಸ್‌ನಲ್ಲಿ ಯುದ್ಧಕ್ಕಾಗಿ ಮಾಡಿದ ದೊಡ್ಡ ರೋಬೋ ಇತ್ತು. ಅದನ್ನು ರಿಮೋಟ್ ಹಿಡಿದು ನಡೆಸುತ್ತಿದ್ದ ಹುಡುಗನ ಹೆಸರೂ ಕಾನೆದಾ. ಓಟೊಮೊ ಆ ಹೆಸರನ್ನೂ ಆ ಅಂಕಿಯನ್ನೂ ಅಲ್ಲಿಂದಲೇ ತಂದರು. ಅಲ್ಲಿ ಆಯುಧ ಕಬ್ಬಿಣದ್ದು, ಮಗುವಿನ ಮಾತು ಕೇಳುತ್ತಿತ್ತು. ಇಲ್ಲಿ ಮಗುವೇ ಆಯುಧ.

ಎಚ್ಚರವಾದ ಮೇಲೂ ಅಕಿರಾ ಮಾತಾಡುವುದೇ ಇಲ್ಲ ಅನ್ನಬಹುದು. ಎಲ್ಲರೂ ಅವನನ್ನು ಎತ್ತಿಕೊಂಡು ಓಡುವವರೇ. ಮೂರನೆಯ ಸಂಪುಟದ ಕೊನೆಗೆ (ಕತೆ ಮೊದಲೇ ತಿಳಿಯಬಾರದು ಅನ್ನುವವರು ಇಲ್ಲಿಂದ ಎರಡು ಸಾಲು ಬಿಡಿ) ಅವನಿಗೆ ಗುರಿಯಿಟ್ಟ ಗುಂಡು ತಕಾಶಿಗೆ ತಗಲುತ್ತದೆ. ಆಗ ನಗರವೇ ಕುಸಿಯುತ್ತದೆ. ಮುಂದೆ ಅವಶೇಷಗಳ ನಡುವೆ ಅಕಿರಾ ಹೆಸರಿನಲ್ಲಿ ಒಂದು ಸಾಮ್ರಾಜ್ಯ ಹುಟ್ಟುತ್ತದೆ. ಹಸಿದ ಜನ ಅವನಿಗೆ ಜೈಕಾರ ಹಾಕುತ್ತಾರೆ. ಅವನು ಸುಮ್ನೆ ಕೂತಿರುತ್ತಾನೆ.

ಸ್ಟೈಲ್ ಅಂದರೆ ಎಲ್ಲರಿಗೂ ನೆನಪಾಗುವುದು ಕಾನೆದಾನ ಕೆಂಪು ಬೈಕ್. ನನಗೆ ನೆನಪಾಗುವುದು ಕಟ್ಟಡಗಳು. ಒಂದೊಂದು ಕಿಟಕಿಯನ್ನೂ ಬಿಡದೆ ಬರೆದಿದ್ದಾರೆ. ಆಮೇಲೆ ಅದೇ ಕಿಟಕಿಗಳು ಚೂರಾಗುವುದನ್ನೂ ಬರೆದಿದ್ದಾರೆ. ಅಷ್ಟು ಕಷ್ಟಪಟ್ಟು ಕಟ್ಟಿದ್ದಕ್ಕೇ ಬೀಳುವಾಗ ಅಷ್ಟು ನೋವಾಗುವುದು, ಅಲ್ವಾ? ಸಿನಿಮಾದಲ್ಲಿ ಅದು ಕಣ್ಣ ಮುಂದೆ ಹಾದುಹೋಗುತ್ತದೆ. ಪುಸ್ತಕದಲ್ಲಿ ಪುಟ ತಿರುಗಿಸಬೇಕಾದವರು ನೀವೇ.

ಮಕ್ಕಳ ಕತೆ ಅಂತ ಮಕ್ಕಳ ಕೈಗೆ ಕೊಡಬೇಡಿ, ರಕ್ತಪಾತ ಬಹಳ ಇದೆ. ಇಂಗ್ಲಿಷಿನ ಹಳೆಯ ಆವೃತ್ತಿಗಳಲ್ಲಿ ಚಿತ್ರಗಳನ್ನು ತಿರುಗಿಸಿ ಎಡದಿಂದ ಬಲಕ್ಕೆ ಮಾಡಿದ್ದಾರೆ. 2017ರ ಪೆಟ್ಟಿಗೆ ಆವೃತ್ತಿ ಜಪಾನಿನಂತೆಯೇ ಬಲದಿಂದ ಎಡಕ್ಕೆ ಓದುವಂಥದ್ದು. ಸಾಧ್ಯವಾದರೆ ಅದನ್ನೇ ಹಿಡಿಯಿರಿ. ಮೂರನೆಯ ಸಂಪುಟ ಓದಲು ಕೂತಾಗ ನಾಲ್ಕನೆಯದು ಪಕ್ಕದಲ್ಲೇ ಇರಲಿ.